ಮಹೆಬೂಬ ಮಾಸ್ತರರ ತುಟಿಯ ಕಲೆ

ಮಹೆಬೂಬ ಮಾಸ್ತರರ ಮೇಲ್ದುಟಿಯ ನಡುವೆ ಒಂದು ಕಲೆಯಿತ್ತು. ಉಂಗುರ ಒತ್ತಿ ತೆಗೆದಂಥ ಅರ್ಧ ವೃತ್ತ, ಮುಟ್ಟಿದರೆ ದುಡಿದ ಅಂಗೈಯ ಹಾಗೆ ಗಟ್ಟಿ. ಟ್ರಂಪೆಟ್ಟಿನ ಹಿತ್ತಾಳೆ ತುದಿಯನ್ನು ಹರೆಯದಿಂದಲೂ ಅದೇ ಜಾಗಕ್ಕೆ ಒತ್ತಿ ಒತ್ತಿ ಊದಿದ್ದರ ಗುರುತು ಅದು. ಮಗಳು ಖುಷ್ನುಮಾ ಎಳೆಯವಳಿದ್ದಾಗ ಅಪ್ಪನ ತೊಡೆಯೇರಿ ಕೂತು ಅದರ ಮೇಲೆ ಬೆರಳಾಡಿಸುತ್ತಿದ್ದಳು.

"ನೋವಾತದೇನ್ ಅಬ್ಬಾ?"

"ಊದಿದ್ರ ಆಗಲ್ಲ ಬೇಟಾ. ಊದಲಾರ್ದೆ ಕುಂತ್ರ ಆತದ" ಎಂದು ಮಾಸ್ತರರು ನಗುತ್ತಿದ್ದರು.

ಮಾಸ್ತರರ ತಂದೆ ಬಸವಕಲ್ಯಾಣದ ಕೋಟೆ ಹಿಂದಿನ ಓಣಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮನೆಮನೆಗೂ ಸ್ಟೀಲು ಬಂದ ಮೇಲೆ ಆ ಕುಲುಮೆ ತಣ್ಣಗಾಯಿತು. ಹುಡುಗ ಮಹೆಬೂಬ ಹುಮನಾಬಾದಿಗೆ ಹೋಗಿ ಒಬ್ಬ ಮುದುಕ ಬ್ಯಾಂಡ್ ಮಾಸ್ತರರ ಕೈ ಕೆಳಗೆ ಸೇರಿಕೊಂಡ. ಆ ಮುದುಕರು ವರ್ಷವಿಡೀ ಊದಲು ಬಿಡಲಿಲ್ಲ, ಹುಣಸೆಹಣ್ಣು ಹಚ್ಚಿ ವಾದ್ಯಗಳನ್ನು ತಿಕ್ಕಿಸಿದರು. ಅವರ ಕಣ್ಣು ತಪ್ಪಿಸಿ ಹಳೆಯದೊಂದು ಟ್ರಂಪೆಟ್ ಊರಿಗೆ ತಂದು, ಕೋಟೆಯ ಕಂದಕದ ದಂಡೆಯಲ್ಲಿ ಎಮ್ಮೆಗಳ ಮುಂದೆ ನಿಂತು ಊದಿ ಊದಿ ಕಲಿತ. "ಎಮ್ಮಿ ಎದ್ದು ಹೋಗಲಿಲ್ಲಂದ್ರ ಸುರ್ ಸರಿ ಅದ ಅಂತ ತಿಳ್ಕೊತಿದ್ದೆ" ಎಂದು ಮುಂದೆ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದರು.

ಮದುವೆಯಾದ ಮೇಲೆ ಸ್ವಂತ ಬ್ಯಾಂಡು ಕಟ್ಟಿದರು. ಹಳೆಯ ಖೋಲಿಯೊಂದು, ಅದರ ಮೇಲೆ 'ಮಹೆಬೂಬ ಬ್ರಾಸ್ ಬ್ಯಾಂಡ್' ಎಂಬ ಬೋರ್ಡು, ಒಳಗೆ ಗೂಟಕ್ಕೆ ನೇತುಹಾಕಿದ ಕೆಂಪು ಕೋಟುಗಳು. ದೊಡ್ಡ ಢೋಲಿಗೆ ಸಂಘರತ್ನ, ಸೈಡ್ ಡ್ರಮ್ಮಿಗೆ ಪಂಡರಿ. ಇಬ್ಬರೂ ಮೀಸೆ ಮೂಡುವ ಮೊದಲೇ ಬಂದವರು, ಮಾಸ್ತರರ ಕೈಯಲ್ಲೇ ಬೆಳೆದವರು. ದರ್ಗಾದ ಸಂದಲ್ ಇರಲಿ, ಬಸವ ಜಯಂತಿ ಇರಲಿ, ಅಂಬೇಡ್ಕರ್ ಜಯಂತಿ ಇರಲಿ, ಮೆರವಣಿಗೆಯ ಮುಂದೆ ಅದೇ ಕೆಂಪು ಕೋಟು. ಕೊಹಿನೂರ, ದುಬಲಗುಂಡಿ, ನಿರ್ಣಾದ ಕಡೆಯವರು ಮದುವೆಯ ತಾರೀಕು ಗೊತ್ತುಮಾಡುವ ಮೊದಲೇ ಮಾಸ್ತರರು ಆ ದಿನ ಬಿಡುವಾಗಿದ್ದಾರೋ ಇಲ್ಲವೋ ಎಂದು ಕೇಳಿ ಹೋಗುತ್ತಿದ್ದರು.

ಯಾಕೆಂದರೆ ಬಿದಾಯಿ. ಮದುಮಗಳು ತವರಿನ ಹೊಸಿಲು ದಾಟುವ ಹೊತ್ತಿಗೆ ಮಾಸ್ತರರು ಡ್ರಮ್ಮುಗಳನ್ನೆಲ್ಲ ನಿಲ್ಲಿಸಿ ಒಬ್ಬರೇ ಊದುತ್ತಿದ್ದರು. ಯಾವ ಸಿನಿಮಾದ ಹಾಡೂ ಅಲ್ಲ ಅದು, ಅವರದೇ ಒಂದು ಧಾಟಿ. ನಿಧಾನ ಶುರುವಾಗಿ, ನಡುವೆ ಒಮ್ಮೆ ಕೊರಳು ಕಟ್ಟಿದಂತೆ ನಿಂತು, ಮತ್ತೆ ಎದ್ದು ಬರುತ್ತಿತ್ತು. ಅಳಬಾರದೆಂದು ಹಲ್ಲು ಕಚ್ಚಿ ನಿಂತ ಗಂಡಸರು ಆ ನಡುವಿನ ನಿಲುಗಡೆಯಲ್ಲಿ ಸೋಲುತ್ತಿದ್ದರು. ಖುಷ್ನುಮಾ ಲಂಗ ತೊಡುವ ವಯಸ್ಸಿನಲ್ಲೇ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು, ನನ್ನ ಬಿದಾಯಿಗೆ ನೀವೇ ಊದಬೇಕು ಎಂದು.

ಬ್ಯಾಂಡಿಗೆ ಇನ್ನೊಂದು ಕಟ್ಟಳೆಯಿತ್ತು. ಅದನ್ನು ಮಾಡಿದವರೂ ಮಾಸ್ತರರೇ. ಬ್ಯಾಂಡಿನವನ ಮನೆಯ ಹೆಣ್ಣುಮಗಳ ಮದುವೆಗೆ ಉಳಿದವರು ಕರೆಯುವ ದಾರಿ ಕಾಯಬಾರದು. ಕೋಟು ತೊಟ್ಟು ತಾವಾಗಿಯೇ ಬರಬೇಕು, ಬಾರಿಸಬೇಕು, ಉಂಡು ಹೋಗಬೇಕು. "ಕರದ್ರ ಅದು ಸುಪಾರಿ, ರೊಕ್ಕದ ಕೆಲ್ಸ ಆತದ. ಕರೀಲಾರ್ದೆ ಬಂದ್ರ ಬಿರಾದರಿ, ಬಳಗ" ಎನ್ನುತ್ತಿದ್ದರು. ಪಂಡರಿಯ ತಂಗಿಯ ಮದುವೆಗೂ, ಸಂಘರತ್ನನ ಅಕ್ಕನ ಮದುವೆಗೂ ಹಾಗೆಯೇ ಹೋಗಿ ಊದಿದ್ದರು.

ಖುಷ್ನುಮಾಳಿಗೆ ಸಂಬಂಧಗಳು ಬರತೊಡಗಿದವು. ಬಂದವರು ಉಪ್ಪಿಟ್ಟು ತಿಂದು, ಹುಡುಗಿ ಚಂದ ಅದಾಳ ಎಂದು ಹೇಳಿ ಹೋಗಿ ಸುದ್ದಿಯಿಲ್ಲದಂತಾಗುತ್ತಿದ್ದರು. ಬಾಜಾದವನ ಮಗಳು ಎಂಬ ಮಾತು ಓಣಿ ಸುತ್ತಿ ಅವಳ ಅಮ್ಮಿಯ ಕಿವಿಗೆ ಬೀಳುತ್ತಿತ್ತು. ಕೊನೆಗೆ ಹುಮನಾಬಾದಿನಲ್ಲಿ ಪ್ಲೈವುಡ್ ಅಂಗಡಿ ಇಟ್ಟಿದ್ದ ಪೀರ್ ಪಾಷಾ ತಮ್ಮ ಮಗ ಮುಜಾಫರನಿಗೆ ಕೇಳಿ ಬಂದರು. ಖುಷ್ನುಮಾ ಪರದೆಯ ಹಿಂದೆ ನಿಂತಿದ್ದಳು.

"ಮಹೆಬೂಬ ಭಾಯ್, ಹುಡುಗಿ ನಮಗ ಪಸಂದ್ ಅದಾಳ. ಮಾತ್ ಒಂದೇ ಅದ. ಬಾಜಾ ಬಂದ್ ಆಗಬೇಕು."

"ಮದುವ್ಯಾಗ ಬ್ಯಾಡಂದ್ರ ಬ್ಯಾಡ್ರಿ, ಪಾಷಾ ಸಾಬ್. ಯಾರೂ ಬಾರ್ಸೂದಿಲ್ಲ."

"ಮದುವಿಗಿ ಅಷ್ಟೇ ಅಲ್ರಿ, ಕಾಯಂ ಬಂದ್. ದೀನ್‌ದಾಗೂ ಅದು ಛಲೋ ಅಲ್ಲ ಅಂತಾರ ದೊಡ್ಡವ್ರು. ಮತ್ತ ನೀವೇ ಹೇಳ್ರಿ, ನಾಳಿಗಿ ನಮ್ಮ ಬೀಗರು ನಮ್ಮ ಅಂಗಡಿ ಮುಂದೇ ಗಲ್ಲ ಉಬ್ಬಿಸ್ಕೊಂಡು ಊದ್ಕೋತ ಹೊಂಟ್ರ, ಗಿರಾಕಿಗೋಳ ಮುಂದ ನಾ ಮಾರಿ ಎಲ್ಲಿ ಇಡ್ಲಿ?"

ಮಾಸ್ತರರು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು ಆಗಲಿ ಎಂದರು. ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಖುಷ್ನುಮಾಳಿಗೆ ಅಳು ಬಂತು, ಸಿಟ್ಟೂ ಬಂತು.

"ನನಗ ಈ ಮನೀನೇ ಬ್ಯಾಡ ಅಬ್ಬಾ" ಎಂದಳು, ಬೀಗರು ಹೋದ ಮೇಲೆ.

"ಹುಚ್ಚಿ ಇದ್ದಿ ನೀ. ಈಗೆಲ್ಲ ಮಂದಿ ಡಿಜೆ ಹಚ್ಚಾಕತ್ಯಾರ. ಬಾಜಾದ್ದು ಇನ್ನೇನು ಮುಗೀತದ. ನಿನ್ನ ಬಾಳೇವು ಈಗ ಶುರು ಆಗಬೇಕಾಗ್ಯಾದ."

"ಹಂಗಾದ್ರ ನನ್ನ ಬಿದಾಯಿಗೆ ಯಾರು ಊದ್ತಾರ?"

ಮಾಸ್ತರರು ಅಡುಗೆಮನೆಗೆ ಹೋಗಿ ಹುಣಸೆಹಣ್ಣು ನೆನೆಹಾಕಿದರು. ಟ್ರಂಪೆಟ್ಟನ್ನು ಕನ್ನಡಿಯಂತೆ ತಿಕ್ಕಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ಸಂಘರತ್ನನ ಮನೆಗೆ ಒಯ್ದರು.

"ನಾ ಢೋಲು ಬಾರ್ಸಾಂವ ಮಾಸ್ತರ್. ನನಗ್ಯಾಕ್ರಿ ಇದು?"

"ಇಟ್ಕೊ. ನನಗ ದಮ್ಮು ಏರ್ತದಪ್ಪ. ಡಾಕ್ಟರ್ ಊದಬ್ಯಾಡ ಅಂದಾನ."

ಅದೊಂದು ಸುಳ್ಳು ಹೇಳಿ ಬಂದರು. ಬೀಗರಿಗೆ ನಿಮ್ಮ ಕೋಟು ಕಂಡರೆ ನಾಚಿಕೆ ಎಂದು ಆ ಹುಡುಗನ ಮುಖಕ್ಕೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಅದನ್ನು ಹೇಳದ ಮೇಲೆ, ಮದುವೆಗೆ ಬಾರಿಸಲು ಬರಬೇಡಿ ಎಂದು ಹೇಳುವುದೂ ಆಗಲಿಲ್ಲ. ತಾವು ಊದದಿದ್ದರೆ ಅವರೂ ಬರಲಿಕ್ಕಿಲ್ಲ ಎಂದುಕೊಂಡು ಸುಮ್ಮನಾದರು.

ಮದುವೆಯ ದಿನ ಬಸವಕಲ್ಯಾಣದ ಫಂಕ್ಷನ್ ಹಾಲಿನಲ್ಲಿ ಖುಷ್ನುಮಾಳ ಕೈಗೆ ಚಿಕ್ಕಮ್ಮಂದಿರು ಬಳೆ ತೊಡಿಸುತ್ತಿದ್ದರು. ಒಮ್ಮೆಲೇ ಗೋಡೆಯ ಕನ್ನಡಿ ಗಡಗಡ ನಡುಗಿತು. ಕಿಟಕಿಯಿಂದ ನೋಡಿದರೆ ಹುಮನಾಬಾದಿನ ದಿಬ್ಬಣ. ಮುಂದೆ ಲಾರಿಯೊಂದರ ತುಂಬ ಗೋಡೆಯಂತೆ ಪೇರಿಸಿದ ಡಿಜೆ ಡಬ್ಬಗಳು, ಬಣ್ಣದ ದೀಪ, ಮುಜಾಫರನ ಗೆಳೆಯರು ರುಮಾಲು ಬೀಸಿ ಕುಣಿಯುತ್ತಿದ್ದರು. ಪೀರ್ ಪಾಷಾ ಅವರ ನಡುವೆಯೇ ಸೆಂಟು ಪೂಸಿಕೊಂಡು ನಗುತ್ತ ಬರುತ್ತಿದ್ದರು.

ಅಮ್ಮಿಗೆ ತಡೆಯಲಾಗಲಿಲ್ಲ. ಒಳಗೆ ಬಂದ ಬೀಗಿತ್ತಿ ಮುನ್ನಿ ಬೀಯನ್ನು ಕೇಳಿಯೇಬಿಟ್ಟರು.

"ಆಪಾ, ಬಾಜಾ ಬ್ಯಾಡ ಅಂದಿದ್ರಿ. ಇದೇನಿದು?"

"ಹುಡುಗ್ರು ಕೇಳ್ತಾವೇನ್ರಿ? ಅದಲ್ದೆ ಡಿಜೆ ಅಂದ್ರ ಮಷೀನ್ ಬಾರಿಸ್ತದ. ಬಾಜಾ ಅಂದ್ರ ಮನಿ ಮಂದಿ ಬಾರಿಸ್ತಾರ" ಎಂದು ಮುನ್ನಿ ಬೀ ಬುರ್ಖಾ ಬಿಚ್ಚಿ ಮಡಚತೊಡಗಿದರು.

ದೀನು-ಧರ್ಮದ ಮಾತು ಬರೀ ನೆಪ ಎಂಬುದು ಖುಷ್ನುಮಾಳಿಗೆ ತಿಳಿದದ್ದು ಆಗ. ಕೈ ತುಂಬ ಮೆಹಂದಿ, ಒಂದು ಕೈಗೆ ಬಳೆ ಏರಿಯಾಗಿತ್ತು.

ಅಷ್ಟರಲ್ಲಿ ಗೇಟಿನ ಬಳಿ ಕೆಂಪು ಕೋಟುಗಳು ಕಂಡವು. ಬ್ಯಾಂಡಿನ ಹತ್ತೂ ಜನ, ಇಸ್ತ್ರಿ ಮಾಡಿದ ಕೋಟು, ಪಂಡರಿಯ ಹಣೆಗೆ ಹೊಸ ಕುಂಕುಮ. ಸಂಘರತ್ನ ಢೋಲನ್ನು ಬೇರೊಬ್ಬನ ಹೆಗಲಿಗೆ ಕೊಟ್ಟು, ತಾನು ಹೊಸ ಟವೆಲಿನಲ್ಲಿ ಸುತ್ತಿದ ಟ್ರಂಪೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮಾಸ್ತರರು ಹತ್ತಿರ ಹೋದದ್ದೇ ಅವನು ಟವೆಲು ಬಿಚ್ಚಿದ.

"ಮಾಸ್ತರ್, ಪೂರ್ತಿ ಬ್ಯಾಡ್ರಿ. ಬಿದಾಯಿದ್ದು ಒಂದೇ ಊದ್ರಿ. ದಮ್ಮು ಏರಿದ್ರ ನಾ ಹಿಡ್ಕೊತೀನಿ ನಿಮಗ."

ಪೀರ್ ಪಾಷಾ ಅಲ್ಲಿಗೆ ಬಂದಾಗಿತ್ತು. "ಇದೇ ಏನ್ರಿ ಭಾಯ್ ನಿಮ್ಮ ಜಬಾನ್? ಹಾರ ಬೀಳೂಕಿಂತ ಮೊದಲೇ ಬಾಜಾ ಕರಿಸೀರಿ?"

ಡಿಜೆಯ ಸದ್ದಿನಲ್ಲಿ ಅವರು ಕೂಗಿಯೇ ಮಾತಾಡಬೇಕಾಯಿತು. ಮಾಸ್ತರರು ಬೀಗರ ಮುಖ ನೋಡಿದರು, ಹಾಲಿನ ಕಿಟಕಿ ನೋಡಿದರು. ಆಮೇಲೆ ಸಂಘರತ್ನನ ಕಡೆ ತಿರುಗಿ ಅವರೂ ಕೂಗಿದರು.

"ಯಾರು ಕರದಾರ ನಿಮಗ? ನಡೀರಿ ಇಲ್ಲಿಂದ!"

"ಕರೀಲಾರ್ದೆ ಬರಬೇಕು ಅಂತ ನೀವೇ ಹೇಳಿದ್ದಿರಲ್ರಿ ಮಾಸ್ತರ್" ಎಂದ ಸಂಘರತ್ನ. ಟ್ರಂಪೆಟ್ಟಿಗೆ ಮತ್ತೆ ಟವೆಲು ಸುತ್ತಿದ. ಮಾಸ್ತರರು ಅವನ ತೋಳು ಹಿಡಿದು "ಉಂಡು ಹೋಗ್ರೋ" ಎಂದದ್ದು ಅವನಿಗೆ ಕೇಳಿಸಿತೋ ಇಲ್ಲವೋ. ಕೆಂಪು ಕೋಟುಗಳು ರಸ್ತೆ ದಾಟಿ ಹೋದವು. ಯಾರೂ ಉಣ್ಣಲಿಲ್ಲ.

ಬಿದಾಯಿಗೂ ಡಿಜೆಯೇ. ಅಮ್ಮಿ ಅತ್ತದ್ದು ಬಾಯಿ ತೆರೆದದ್ದರಿಂದ ಮಾತ್ರ ಗೊತ್ತಾಯಿತು, ದನಿ ಕೇಳಲಿಲ್ಲ. ಮಾಸ್ತರರು ಕಾರಿನ ಬಾಗಿಲ ಬಳಿ ನಿಂತು ಮಗಳ ತಲೆಯ ಮೇಲೆ ಕೈಯಿಟ್ಟರು. ತುಟಿಗಳನ್ನು ಬಿಗಿಯಾಗಿ ಒಳಗೆ ಕಚ್ಚಿಕೊಂಡಿದ್ದರು, ಕಲೆ ಕಾಣುತ್ತಿರಲಿಲ್ಲ.

ಆಮೇಲೆ ಸಂಘರತ್ನ ಆ ಓಣಿಗೆ ಬರಲಿಲ್ಲ. ಟ್ರಂಪೆಟ್ಟನ್ನು ಪಂಡರಿಯ ಕೈಯಲ್ಲಿ ವಾಪಸು ಕಳಿಸಿದ. ಮಾಸ್ತರರು ತೆಗೆದುಕೊಳ್ಳಲಿಲ್ಲ. ಅದು ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ. ಬ್ಯಾಂಡಿನ ಖೋಲಿಯಲ್ಲಿ ಈಗ ಮೊಬೈಲ್ ರಿಪೇರಿ.

ಖುಷ್ನುಮಾಳಿಗೆ ಹೆಣ್ಣುಮಗುವಾಯಿತು. ಮಾಸ್ತರರು ತಿಂಗಳಿಗೊಮ್ಮೆ ಬಸ್ಸು ಹತ್ತಿ, ಮೊಮ್ಮಗಳಿಗೆ ಬಿಸ್ಕೀಟು ಹಿಡಿದು ಹುಮನಾಬಾದಿಗೆ ಬರುತ್ತಾರೆ. ಹೋದ ಸಲ ಬಂದಾಗ ಮನೆಯಲ್ಲಿ ಬೀದರಿನ ನೆಂಟರಿದ್ದರು. ಮುನ್ನಿ ಬೀ ಪರಿಚಯ ಮಾಡಿಸಿದರು.

"ನಮ್ಮ ಬೀಗರು. ಕಲ್ಯಾಣದಾಗ ಇವರ್ದು ಹಿತ್ತಾಳಿ ಸಾಮಾನಿನ ವ್ಯಾಪಾರ ಇತ್ತು."

ಮಾಸ್ತರರು ಹೌದೆಂದು ತಲೆಯಾಡಿಸಿದರು. ನೆಂಟರಲ್ಲೊಬ್ಬರು ಬಗ್ಗಿ ನೋಡಿ, "ತುಟಿಗೇನಾಗ್ಯಾದ್ರಿ ಅದು?" ಎಂದರು.

"ಸಣ್ಣಾಂವ ಇದ್ದಾಗ ಬಿಸಿ ಚಾ ಸುಟ್ಟಿತ್ರಿ."

ಎಲ್ಲರೂ ನಕ್ಕರು. ತೊಡೆಯ ಮೇಲಿದ್ದ ಕೂಸು ಅಷ್ಟರಲ್ಲಿ ಬಿಸ್ಕೀಟು ಮೆತ್ತಿದ ಬೆರಳನ್ನು ಅದೇ ಕಲೆಗೆ ಒತ್ತಿತು. ಮಾಸ್ತರರು ಆ ಬೆರಳನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದರು. ಮುಜಾಫರ ಮೊಬೈಲಿನಿಂದ ತಲೆಯೆತ್ತಲಿಲ್ಲ. ಖುಷ್ನುಮಾಳ ನಾಲಿಗೆಯ ತುದಿಗೆ ಮಾತು ಬಂದಿತ್ತು. ಆದರೆ ನಾಳೆಯೂ ಇದೇ ಮನೆಯಲ್ಲಿ ಒಲೆ ಹಚ್ಚಬೇಕಾದವಳು ಅವಳು. ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಮಗುವನ್ನು ಎತ್ತಿಕೊಂಡು ಅಪ್ಪನನ್ನು ಬಸ್ಸಿಗೆ ಕಳಿಸಲು ಹೋದಳು. ಕಲ್ಯಾಣದ ಬಸ್ಸು ಇನ್ನೂ ಬಂದಿರಲಿಲ್ಲ.

"ನೋವಾತದೇನ್ ಅಬ್ಬಾ?" ಎಂದು ಕೇಳಿದಳು.

ಮಾಸ್ತರರು ತುಟಿ ಮುಟ್ಟಿ ನೋಡಿಕೊಂಡರು.

"ಮೊದಲ್ ಮೊದಲ್ ಭಾಳ ಆಗ್ತಿತ್ತು. ಈಗ ಏನೂ ಗೊತ್ತೇ ಆಗಲ್ಲ ಬೇಟಾ" ಎಂದರು. ಬಸ್ಸು ಬಂತು. ಜನ ನುಗ್ಗಿದರು, ಮಾಸ್ತರರಿಗೆ ಸೀಟು ಸಿಗಲಿಲ್ಲ.