ಚಿಕ್ಕಮ್ಮ ನಗುತ್ತಿದ್ದ ಊರು

ಮೊನ್ನೆ ಹಲಗೂರಿನಲ್ಲಿ ನಾದಿನಿಯ ಮಗುವಿನ ಹುಟ್ಟುಹಬ್ಬ. ಕೇಕಿನ ಮೇಲಿದ್ದ ಮೇಣದ ಬತ್ತಿಗಳನ್ನು ಮಗು ಊದಿ ಆರಿಸಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮಾತ್ರ ಆ ಆರಿದ ಬತ್ತಿಯ ಹೊಗೆ ಮೂಗಿಗೆ ತಾಕಿದ್ದೇ ಶಿವನಸಮುದ್ರದ ಕ್ವಾರ್ಟರ್ಸಿನ ಸಂಜೆಗಳು ಎದ್ದು ಬಂದವು. ಗೂಡಿನಲ್ಲಿದ್ದ ಬುದ್ಧನ ಮುಂದೆ ಹಚ್ಚಿದ ಬತ್ತಿಯನ್ನು ಚಿಕ್ಕಮ್ಮ ಊದುತ್ತಿರಲಿಲ್ಲ. ಎರಡು ಬೆರಳಲ್ಲಿ ಹಿಸುಕಿ ಆರಿಸುತ್ತಿದ್ದಳು. ಆಮೇಲೆ ಅದೇ ಬೆರಳುಗಳಿಂದ ನನ್ನ ಜಡೆ ಬಿಚ್ಚುತ್ತಿದ್ದಳು...

ಹೆತ್ತವ್ವ ತೀರಿಕೊಂಡ ಮೇಲೆ ಅಪ್ಪ ಮದುವೆಯಾಗಿ ಕರೆತಂದವಳು ಅವಳು. ಅಪ್ಪನಿಗೆ ಪವರ್ ಹೌಸಿನಲ್ಲಿ ಕೆಲಸ. ಅವಳ ತವರು ಕೋಲಾರದ ಚಿನ್ನದ ಗಣಿ. ನಮ್ಮ ಕಾವೇರಿಯ ಕರೆಂಟು ಮೊಟ್ಟಮೊದಲು ಹೋದದ್ದು ಆ ಗಣಿಗೇ ಎಂದು ಅಪ್ಪನಿಗೆ ಬಲು ಜಂಬ.

“ನಮ್ ಕರೆಂಟ್ ಇಲ್ದಿದ್ರೆ ನಿಮ್ಮೂರಲ್ಲಿ ಚಿನ್ನ ಎಲ್ಲಿತ್ತಮ್ಮಿ?” ಎಂದು ಕೆಣಕುತ್ತಿದ್ದ.

“ನಮ್ಮೂರ ಚಿನ್ನ ಇಲ್ದಿದ್ರೆ ನಿಮಗ್ಯಾರು ಪವರ್ ಹೌಸ್ ಕಟ್ಟಿ ಕೊಡ್ತಿದ್ರು?” ಎನ್ನುತ್ತಿದ್ದಳು ಚಿಕ್ಕಮ್ಮ, ತಮಿಳಿನ ಎಳೆತವಿದ್ದ ಕನ್ನಡದಲ್ಲಿ. ಅಪ್ಪ ನಗುತ್ತಿದ್ದ. ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ.

ನನಗಂತೂ ಆ ಊರಿನ ಹೆಸರು ಕೇಳಿದರೇ ಹೊಟ್ಟೆಯಲ್ಲಿ ಉರಿ. ಅಲ್ಲಿ ಅವಳ ಅಣ್ಣನ ಮಗಳಿದ್ದಳು. ನನ್ನದೇ ವಯಸ್ಸು, ನನ್ನದೇ ಎತ್ತರ. ಪ್ರತಿ ಬುದ್ಧ ಪೂರ್ಣಿಮೆಗೆ ಚಿಕ್ಕಮ್ಮ ತವರಿಗೆ ಹೋಗುತ್ತಿದ್ದಳು. ಬಹಳ ದಿನ ಮೊದಲೇ ಹೊಲಿಗೆ ಮಿಷನ್ನಿನ ಸದ್ದು ಶುರುವಾಗುತ್ತಿತ್ತು. ಒಂದೇ ಬಟ್ಟೆಯಲ್ಲಿ ಎರಡು ಫ್ರಾಕು. ಮೊದಲನೆಯದು ಆ ಹುಡುಗಿಗೆ. ಅಳತೆ ನೋಡುವುದು ಮಾತ್ರ ನನ್ನ ಮೈಮೇಲೆ! “ಅಲ್ಲಾಡ್ಬೇಡಮ್ಮ, ಪಿನ್ನು ಚುಚ್ಚುತ್ತೆ” ಎನ್ನುತ್ತಿದ್ದಳು. ಲೇಸು ಇದ್ದರೆ ಆ ಫ್ರಾಕಿನ ತೋಳಿಗೆ, ಮಿಕ್ಕರೆ ನನ್ನದಕ್ಕೆ. ನನ್ನ ಮೈಬಿಸಿ ಇನ್ನೂ ಆರದ ಆ ಬಟ್ಟೆ ಮಡಿಕೆಯಾಗಿ ಅವಳ ಬ್ಯಾಗು ಸೇರುತ್ತಿತ್ತು.

ನಾನೂ ಬರುತ್ತೇನೆಂದು ಹಟ ಹಿಡಿದರೆ ಅಜ್ಜಿ ಬಿಡುತ್ತಿರಲಿಲ್ಲ. “ಅವಳ ತವರ್ಗೆ ನೀನ್ಯಾಕ್ ಓಯ್ತೀಯ? ಸುಮ್ಕೆ ಬಿದ್ದಿರು ಮನೇಲಿ.” ಚಿಕ್ಕಮ್ಮ ನನ್ನ ಪರವಾಗಿ ಒಂದು ಮಾತು ಆಡಿದ್ದರೆ... ಆಡಲಿಲ್ಲ. ಬಸ್ಸು ಹತ್ತಿದ ಮೇಲೆ ತಿರುಗಿಯೂ ನೋಡುತ್ತಿರಲಿಲ್ಲ.

ಕೆಟ್ಟವಳಲ್ಲ. ನನಗೆ ಕಾಮಾಲೆಯಾದಾಗ ಹಾಸಿಗೆ ಪಕ್ಕ ಬಿಟ್ಟು ಕದಲದವಳು ಅವಳು. ಮಂಡ್ಯದ ಕಾಲೇಜಿಗೆ ನನ್ನನ್ನು ಕಳಿಸಲು ಅಜ್ಜಿಯೊಡನೆ ಜಗಳಕ್ಕೆ ನಿಂತವಳೂ ಅವಳೇ. ಆದರೂ ನಮ್ಮ ಮನೆಯಲ್ಲಿ ಕೊನೆಯವರೆಗೂ ನೆಂಟರ ಮನೆಗೆ ಬಂದವರಂತೆ, ಅಳೆದೂ ಸುರಿದೂ ಮಾತಾಡಿಕೊಂಡು ಇದ್ದುಬಿಟ್ಟಳು.

ಹೋದ ವರ್ಷ ತೀರಿಕೊಂಡಳು. ಕೆಲವು ತಿಂಗಳ ಮೇಲೆ ಆ ಅಣ್ಣನ ಮಗಳ ಫೋನು ಬಂತು. “ಅತ್ತೆ ನೆನಪಿಗೆ ನಮ್ ಬುದ್ಧ ವಿಹಾರದಲ್ಲಿ ವಂದನೆ ಇಟ್ಟಿದೀವಿ. ಒಂದ್ಸಲ ಬನ್ನಿ ಅಕ್ಕ.” ಮಂಡಿನೋವಿನ ಅಪ್ಪ ಬರಲಾರ. ಮದ್ದೂರಿನಲ್ಲಿ ರೈಲು ಹತ್ತಿ ಒಬ್ಬಳೇ ಹೊರಟೆ.

ಗಣಿ ಮುಚ್ಚಿ ಎಷ್ಟೋ ಕಾಲವಾಗಿದೆ. ಒಂದು ಹುಲ್ಲೂ ಹುಟ್ಟದ ಕಲ್ಲುಹುಡಿಯ ಗುಡ್ಡಗಳು. ಜನ ಇಳಿದು ಹೋಗುತ್ತಿದ್ದ ಆಳದ ಗುಂಡಿಗಳ ಮೇಲೆ ತುಕ್ಕು ಹಿಡಿದ ಕಬ್ಬಿಣದ ಗೋಪುರಗಳು. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಇದಕ್ಕಾ ನಾನು ಇಷ್ಟು ವರ್ಷ ಹೊಟ್ಟೆ ಉರಿದುಕೊಂಡದ್ದು ಎನಿಸಿ ಒಂದು ಗಳಿಗೆ ಹಾಯೆನಿಸಿತು.

ಅದು ಉಳಿಯಲಿಲ್ಲ. ವಂದನೆ ಮುಗಿಸಿ ಮನೆಗೆ ಬಂದರೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಚಿಕ್ಕಮ್ಮ ಹುಡುಗಿಯಾಗಿದ್ದಾಗ ಸೈಕಲ್ ತುಳಿದು ಗಣಿಯ ಬಾಗಿಲಿಗೆ ತನ್ನ ಅಪ್ಪನ ಬುತ್ತಿ ಒಯ್ಯುತ್ತಿದ್ದಳಂತೆ. ಮದುವೆಯಾದ ಮೇಲೂ ಬಂದಾಗಲೆಲ್ಲ ಕೇರಂನಲ್ಲಿ ಗಂಡಸರನ್ನು ಸೋಲಿಸಿ ಎಬ್ಬಿಸುತ್ತಿದ್ದಳಂತೆ. ಒಬ್ಬ ಮುದುಕಿಯಂತೂ ಅವಳು ನಗುತ್ತಿದ್ದ ಬಗೆಯನ್ನು ಅಣಕಿಸಿ ತೋರಿಸಿದಳು. ಎಲ್ಲರೂ ಕಣ್ಣೊರೆಸಿಕೊಂಡು ನಕ್ಕರು. ನನಗೆ ಗುರುತೇ ಸಿಗಲಿಲ್ಲ.

ಆಗ ಅಣ್ಣನ ಮಗಳು ತನ್ನ ಮೊಬೈಲು ನನ್ನ ಮುಂದೆ ಹಿಡಿದಳು. ಅದೇ ಬೀದಿ, ಯಾರದೋ ಮದುವೆಯ ತಮಟೆ. ನಡುವೆ ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿಯುತ್ತಿದ್ದಳು. ತಲೆ ಹಿಂದಕ್ಕೆ ಎಸೆದು, ಬಾಯ್ತುಂಬ ನಗುತ್ತಿದ್ದಳು.

“ನಿಮ್ಮನೇಲೂ ಅತ್ತೆ ಹಿಂಗೇ ಅಲ್ವಾ ಅಕ್ಕ? ಕೂತ ಕಡೆ ಕೂರ್ತಿರ್ಲಿಲ್ಲ.”

“ಹೂಂ, ಹಿಂಗೇ” ಎಂದೆ.

ಅವಳೆದುರು ಸೋಲಲು ಮನಸ್ಸಾಗಲಿಲ್ಲ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನಾನು ಈ ಹೆಂಗಸನ್ನು ನೋಡಿಯೇ ಇರಲಿಲ್ಲ. ಇವಳನ್ನು ಇವರೇ ಇಟ್ಟುಕೊಂಡು, ನಮಗೆ ಬೇರೆ ಯಾರನ್ನೋ ಕಳಿಸಿಕೊಟ್ಟಿದ್ದರು.

ಆ ವಿಡಿಯೋ ಈಗ ನನ್ನ ಫೋನಿನಲ್ಲೂ ಇದೆ. ಹಲಗೂರಿನಿಂದ ಮಳವಳ್ಳಿಯ ನಮ್ಮ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅದನ್ನು ಹಾಕಿಕೊಂಡು ಕೂತಿದ್ದೆ. ಪಕ್ಕದಲ್ಲಿ, ಈಗ ನನ್ನ ಜೊತೆಗೇ ಇರುವ ಅಪ್ಪ ಕಾಫಿ ಕುಡಿಯುತ್ತಿದ್ದ. ಅವನಿಗೀಗ ಕಣ್ಣು ಮಂಜು, ಕಿವಿ ಚುರುಕು.

“ಯಾರವ್ವ ಅದು, ಇಂಗ್ ನಗ್ತಾ ಇರದು?”

“ಚಿಕ್ಕಮ್ಮ ಕಣಪ್ಪ.”

ಲೋಟ ಕೆಳಗಿಟ್ಟ. ಬಗ್ಗಿ ಫೋನಿಗೆ ಕಿವಿಯೊಡ್ಡಿ, ಮುಗಿಯುವವರೆಗೂ ಕೇಳಿದ.

“ಇಂಗೂ ನಗ್ತಿದ್ಲಾ...”

“ನಂಗೂ ಗೊತ್ತಿರ್ನಿಲ್ಲ ಕಣಪ್ಪ.”

ಅಪ್ಪ ಫೋನನ್ನು ತನ್ನ ಕಡೆ ಎಳೆದುಕೊಂಡ. “ಇನ್ನೊಂದ್ ಸಲ ಹಾಕವ್ವ” ಅಂದ.