ನೆಗೆಣ್ಣಿಯ ದನಿಗೊಂದು ತೊಗಲಿನ ಚೀಲ

ಕುತ್ತಿಗೆಯ ಬುಡದಲ್ಲಿ, ಎರಡು ಎಲುಬು ಕೂಡುವ ತಗ್ಗಿನಲ್ಲಿ, ನಮ್ಮ ನೆಗೆಣ್ಣಿಗೆ ಒಂದು ತೂತು ಇತ್ತು. ನಾಲ್ಕಾಣೆಯ ನಾಣ್ಯದಷ್ಟು ಅಗಲ, ಅಂಚೆಲ್ಲ ಎಳೆಗೆಂಪು. ಅವರ ಉಸಿರು ಹೋಗಿಬರುತ್ತಿದ್ದುದು ಅಲ್ಲಿಂದಲೇ. ಅದರ ಮೇಲೆ ಕೂಸುಗಳ ಬಿಬ್ ಹಾಗೆ ಒಂದು ಬಿಳಿ ಮಲ್ ಬಟ್ಟೆ. ಬಟ್ಟೆಯ ಕೆಳಗೆ ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಕೆಮ್ಮು ಬಂದರೆ ಕಫ ಆ ತೂತಿನಿಂದಲೇ ಹಾರುತ್ತಿತ್ತು. ಹೇಸಿಗೆ ಅಂತೀರಾ? ಒರೆಸಿ ಒರೆಸಿ ನನಗೆ ರೂಢಿಯಾಗಿತ್ತು. ನನಗೆ ಹೇಸಿಗೆ ಹುಟ್ಟಿಸಿದ್ದು ಅದನ್ನು ನೋಡಿ ಮುಖ ತಿರುಗಿಸುತ್ತಿದ್ದ ಮಂದಿ, ನಮ್ಮದೇ ಮಂದಿ. ಡಿಸ್ಗಸ್ಟಿಂಗ್ ಎಂಬ ಶಬ್ದವನ್ನು ನಮಗೆ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು ಬಹುಶಃ ಅಂಥವರಿಗಾಗಿಯೇ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಧಾರವಾಡದ ಕಾನ್ವೆಂಟಿನಲ್ಲಿ ಓದಿ, ಹುಬ್ಬಳ್ಳಿಯ ಅರಳೆ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದೆ. ಲೇಡಿಯಾದವಳ ದನಿ ಬಾಜೂ ಕೋಣೆಗೆ ಕೇಳಬಾರದು ಎಂಬ ಪಾಠ ಕಲಿತು ಬಂದವಳು. ಇಲ್ಲಿ ನೋಡಿದರೆ ಈ ಹೆಣ್ಣುಮಗಳು ಮಾಳಿಗೆಯ ಮೇಲೆ ನಿಂತು ಒದರಿದರೆ ಹಿತ್ತಲಿನಾಚೆಯ ಗೋದಾಮಿನಲ್ಲಿ ಹಮಾಲರು ಬೀಡಿ ಆರಿಸುತ್ತಿದ್ದರು. ಸಾಲಿಗೆ ಹೆಚ್ಚು ಹೋದವರಲ್ಲ. ಬಾಯಿಯ ಮೇಲೆ ಮನೆ ನಡೆಸುತ್ತಿದ್ದರು. ಬಂದ ವಾರದಲ್ಲೇ ನನಗೊಂದು ಹೆಸರಿಟ್ಟರು.

"ಏ ಇಂಗ್ಲೀಷ್, ಒಂದ್ ಸ್ವಲ್ಪ ಜೋರ್ ಮಾತಾಡವಾ. ನಿನ್ನ ನಾಲಗಿ ಆ ಸಿಸ್ಟರ್‌ಗಳು ಕಸಗೊಂಡು ಕಳಿಸ್ಯಾರೇನ?"

ಆಗ ಅವರನ್ನು ಕಂಡರೆ ನನಗೆ ಅಂಜಿಕೆ. ಮೆಲ್ಲಗೆ ಅದು ಸಲಿಗೆಯಾಯಿತು. ಗಂಡಂದಿರು ತೀರಿಹೋದ ಮೇಲೆ ಮನೆಯನ್ನು ಎರಡು ಮಾಡಿದರು. ನಡುವಿನ ಗೋಡೆಗೆ ಒಂದು ಬಾಗಿಲು ಬೇಕೇ ಬೇಕು ಎಂದು ಗೌಂಡಿಯ ಮುಂದೆ ಒದರಾಡಿ ಇಡಿಸಿದವರು ಅವರೇ. ಅವರ ಕಡೆ ಮಗ, ಸೊಸೆ, ಮೊಮ್ಮಗಳು. ಈ ಕಡೆ ನಾನು ಮತ್ತು ಕಾಲೇಜಿನಲ್ಲಿ ಕಲಿಸುವ ನನ್ನ ಮಗಳು.

ಅಂಥ ಗಂಟಲಿಗೆ ಕ್ಯಾನ್ಸರ್ ಬಂತು. ಡಾಕ್ಟರು ದನಿಯ ಗೂಡನ್ನೇ ಕಿತ್ತು ತೆಗೆದರು. ಕೆಲವು ತಿಂಗಳು ಬರೀ ಚಪ್ಪಾಳೆ, ಕೈಸನ್ನೆ. ಆಮೇಲೆ ಮಷೀನು ಬಂತು, ಟಾರ್ಚಿನಷ್ಟು ದಪ್ಪ, ಅಂಗೈಯಲ್ಲಿ ಹಿಡಿಯುವಂಥದ್ದು. ಗದ್ದದ ಕೆಳಗೆ ಒತ್ತಿ, ಗುಂಡಿ ಅದುಮಿ, ತುಟಿ ಆಡಿಸಿದರೆ ಮಾತು ಬರುತ್ತಿತ್ತು. ಏರಿಲ್ಲ, ಇಳಿವಿಲ್ಲ, ಡಬ್ಬಿಯೊಳಗೆ ದುಂಬಿ ಸಿಕ್ಕಂಥ ಗುಂಯ್ ದನಿ. ಅದರಿಂದ ಅವರು ಆಡಿದ ಮೊದಲ ಮಾತು ನನಗೆ ಇನ್ನೂ ನೆನಪಿದೆ: "ಚಹಾಕ್ಕ ಸಕ್ರಿ ಯಾಂವ ಹಾಕ್ತಾನ, ನಿಮ್ಮಪ್ಪ?" ನಾನು ನಗುತ್ತಲೇ ಅತ್ತುಬಿಟ್ಟೆ. ಸೊಸೆ ಮಾತ್ರ ಒಳಗೆ ಹೋಗಿ ಟಿವಿಯ ವಾಲ್ಯೂಮ್ ಏರಿಸಿದಳು.

ಆ ಮಷೀನು ಒಮ್ಮೆ ಬಚ್ಚಲ ಕಲ್ಲಿನ ಮೇಲೆ ಬಿತ್ತು. ರಿಪೇರಿಗೆ ಹೋಗಿ ಬರುವವರೆಗೆ ಅವರು ಮತ್ತೆ ಮೂಕರು. ಬಟ್ಟೆಯ ಚೀಲ ಹೊಲಿದು ಕೊಟ್ಟೆ, ಒದ್ದೆಯಾಯಿತು. ಪ್ಲಾಸ್ಟಿಕ್ಕಿನದು ಕೈಯಿಂದ ಜಾರಿತು. ತೊಗಲಿನದೇ ಆಗಬೇಕು, ಬಿದ್ದರೂ ಪೆಟ್ಟು ತಡೆಯುತ್ತದೆ ಎಂದು ಅವರೇ ತೀರ್ಮಾನಿಸಿದರು. ಸೊಸೆ ಮೂಗು ಮುರಿದಳು.

"ಅತ್ತಿ, ತೊಗಲಿಂದು ಎದಿಮ್ಯಾಲ ಜೋತಬಿಟ್ರ ಲಿಂಗಕ್ಕ ಹತ್ತೂದಿಲ್ಲೇನ್ರಿ? ಮಂದಿ ಏನಂದಾರು?"

ನೆಗೆಣ್ಣಿ ಮಷೀನನ್ನು ಗದ್ದಕ್ಕೆ ಒತ್ತಿದರು. "ಲಿಂಗ ಈಗ ಯಾತರ ಮ್ಯಾಲ ಕುಂತೈತಿ? ನನ್ನ ತೊಗಲ ಮ್ಯಾಲ. ಎಮ್ಮಿ ನನಗಿಂತ ಛಲೋ ಪ್ರಾಣಿ. ಅದು ಯಾರಿಗೂ ಬೈದಿಲ್ಲ."

ಮರುದಿನವೇ ಇಬ್ಬರೂ ಆಟೋ ಹಿಡಿದು ಪ್ಯಾಟಿಗೆ ಹೋದೆವು.

ಮೊದಲು ಹೋದದ್ದು ಕೊಪ್ಪೀಕರ ರಸ್ತೆಯ ಒಂದು ಎ.ಸಿ. ಅಂಗಡಿಗೆ. ಸೇಲ್ಸ್‌ಮನ್ ಹಲ್ಲು ತೋರಿಸುತ್ತ ಬಂದ. "ಬರ್ರಿ ಆಂಟಿ, ಯಾವ ಮಾಡೆಲ್‌ಗೆ ಕವರ್ ಬೇಕ್ರಿ?" ನೆಗೆಣ್ಣಿ ತಮ್ಮ ಗುಂಯ್ ದನಿಯಲ್ಲಿ, "ಇದಕ್ಕ ಬೇಕಪ್ಪಾ," ಎಂದದ್ದೇ ತಡ, ಹಲ್ಲು ಒಳಗೆ ಹೋದವು, ಆಸಾಮಿ ಒಂದು ಹೆಜ್ಜೆ ಹಿಂದೆ. ಆಮೇಲೆ ನನ್ನೊಬ್ಬಳ ಜೊತೆಗೇ ಮಾತಾಡಿದ. "ಮೇಡಂ, ಇವರಿಗೆ ಎಂಥಾದ್ದು ಬೇಕಂತ್ರಿ?" ನೆಗೆಣ್ಣಿ ಅವನ ಎದುರಿಗೇ ನಿಂತಿದ್ದಾರೆ, ಕಿವಿ ಸರಿಯಾಗಿವೆ, ಬುದ್ಧಿ ಅವನಿಗಿಂತ ಚೂಪು. ಮ್ಯಾನರ್ಸ್ ಇಲ್ಲದವರಿಗೆ ಟೈ ಕಟ್ಟಿ ನಿಲ್ಲಿಸಿದರೆ ಏನು ಬಂತು?

ಪ್ಯೂರ್ ಲೆದರ್ ಎಂದು ಒಂದೊಂದನ್ನೇ ಮುಂದಿಟ್ಟ. ಇಲ್ಲಿ ನನ್ನ ಗ್ರಹಚಾರ ಶುರುವಾಯಿತು. ಉಸಿರು ಮೂಗಿನಲ್ಲಿ ಹಾಯದವರಿಗೆ ವಾಸನೆ ತಿಳಿಯುವುದಿಲ್ಲ. ಆಪರೇಷನ್ ಆದಂದಿನಿಂದ ಒಗ್ಗರಣೆ ಹೊತ್ತಿದರೂ, ಮಲ್ಲಿಗೆ ಮುಡಿದರೂ ಅವರಿಗೆ ಒಂದೇ. ಹಾಗಾಗಿ ಅವರ ಮೂಗಿನ ಕೆಲಸ ನನ್ನದು.

"ಏ ಇಂಗ್ಲೀಷ್, ಮೂಸು."

"ಇಲ್ಲೇನ ಅಕ್ಕಾ? ಎಲ್ಲಾರೂ ನೋಡಾಕತ್ತಾರ."

"ಮೂಸ ಅಂದ್ರ ಮೂಸು. ಖರೇ ತೊಗಲಿಗೆ ಒಂದು ನಾತ ಇರ್ತೈತಿ. ಖೊಟ್ಟಿದಕ್ಕ ಬ್ಯಾರೆ ನಾತ."

ಆ ಅಂಗಡಿಯ ನಟ್ಟನಡುವೆ, ಆ ಬೆಳಕಿನಲ್ಲಿ, ನಾನು ಒಂದಾದಮೇಲೊಂದು ಚೀಲಕ್ಕೆ ಮೂಗು ಹಚ್ಚಿದೆ. ಒಂದಕ್ಕೆ ಅಂಟಿನ ವಾಸನೆ, ಒಂದಕ್ಕೆ ಚಿಮಣಿ ಎಣ್ಣೆಯದು. ಮೂರನೆಯದಕ್ಕೆ ಮಳೆಯಲ್ಲಿ ತೊಯ್ದ ನಾಯಿಯ ವಾಸನೆ ಮತ್ತು ಅದನ್ನು ಮುಚ್ಚಲು ಹೊಡೆದ ಸೆಂಟಿನ ವಾಸನೆ. ನೆಗೆಣ್ಣಿ ಒಂದರ ಮೂಲೆಯನ್ನು ಉಗುರಿನಿಂದ ಎಬ್ಬಿಸಿದರು. ಹಾಲಿನ ಕೆನೆಯಂತೆ ಮೇಲಿನ ಪದರು ಎದ್ದು ಬಂತು, ಒಳಗೆ ಬರೀ ಜಾಳಿಗೆ ಬಟ್ಟೆ. ಸೇಲ್ಸ್‌ಮನ್ ನಾಚಿಕೆಯಿಲ್ಲದೆ ಹೇಳಿದ: "ಅದು ವೀಗನ್ ಲೆದರ್ ರಿ ಮೇಡಂ." ಛೀ! ರೆಕ್ಝಿನ್ ಎಂದರೆ ನಾಲಗೆ ಸವೆಯುತ್ತಿತ್ತೇ?

ಅಷ್ಟರಲ್ಲಿ ಪಕ್ಕದಲ್ಲಿದ್ದ ಒಂದು ಜೋಡಿ ಮೊಬೈಲ್ ಎತ್ತಿ ನಮ್ಮ ವಿಡಿಯೋ ಮಾಡುತ್ತಿತ್ತು. ಆ ಹುಡುಗಿ "ರೋಬೋಟ್ ಅಜ್ಜಿ" ಎಂದು ಪಿಸುಗುಟ್ಟಿದ್ದು ನನಗೆ ಸ್ಪಷ್ಟ ಕೇಳಿತು. ನನಗೆ ಮೈಯೆಲ್ಲ ಉರಿ, ಬಾಯಿಂದ ಮಾತ್ರ ಎಕ್ಸ್‌ಕ್ಯೂಸ್ ಮಿ ಎಂಬುದರಾಚೆ ಏನೂ ಹೊರಡಲಿಲ್ಲ. ನೆಗೆಣ್ಣಿ ಅವರ ಕಡೆ ತಿರುಗಿ ಸೆರಗು ಸರಿಮಾಡಿಕೊಂಡರು.

"ಛಲೋ ಬರಾಕತ್ತೈತೇನವಾ? ತಡಿ, ಹಣಿಮ್ಯಾಲಿನ ವಿಭೂತಿ ನೆಟ್ಟಗ ಐತೇನ ನೋಡ್ಕೋತೇನಿ. ನಿನ್ನ ಗಂಡನ ಮುಸುಡಿನೂ ಒಂಚೂರು ಬರ್ಲಿ, ಕತ್ತಿ ಇಲ್ಲದ ಮೆರವಣಿಗಿ ಆಗಬಾರದು."

ಇಲ್ಲಿ ಕತ್ತಿ ಅಂದರೆ ಗಾರ್ದಭ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಮೊಬೈಲ್ ಕೆಳಗಿಳಿಯಿತು.

ಕೊನೆಗೆ ದುರ್ಗದಬೈಲಿನ ಒಂದು ಇಕ್ಕಟ್ಟಾದ ಅಂಗಡಿ ಸೇರಿದೆವು. ಬೆಲ್ಟು, ಪಾಕೀಟು, ಚಪ್ಪಲಿ ಎಲ್ಲ ಒಟ್ಟಿಗೆ ತೂಗಹಾಕಿದ್ದರು. ಇಲ್ಲಿ ನೆಗೆಣ್ಣಿ ತಮ್ಮದೇ ಒಂದು ಪರೀಕ್ಷೆ ಇಟ್ಟರು. ಚೀಲದಲ್ಲಿ ಮಷೀನು ಹಾಕಿ ಕೊರಳಿಗೆ ತೂಗುಬಿಟ್ಟುಕೊಂಡು, ನನಗೆ ಕೈಸನ್ನೆ ಮಾಡಿದರು, ಏನಾದರೂ ಅನ್ನು ಎಂದು.

"ಏನನ್ನಲಿ ಅಕ್ಕಾ?"

ಮಷೀನು ಹೊರತೆಗೆದು, "ಬೈಯವಾ ನನಗ," ಎಂದು ಹೇಳಿ ಮತ್ತೆ ಒಳಗಿಟ್ಟರು.

ನಾನು ಅಂಗಡಿಯವನ ಮುಖ ನೋಡಿ, ಗಂಟಲು ಸರಿಮಾಡಿಕೊಂಡು, "ನೀವು ಭಾಳ ಹಟಮಾರಿ," ಎಂದೆ. ಅವರು ಝಿಪ್ಪು ಎಳೆದರು, ಸಿಕ್ಕಿಕೊಂಡಿತು. ಬಲವಾಗಿ ಎಳೆದು, ಮುಚ್ಚಳ ಎತ್ತಿ, ಗುಂಡಿ ಬಿಚ್ಚಿ ತೆಗೆಯುವಷ್ಟರಲ್ಲಿ ಅಂಗಡಿಯವ ಇನ್ನೊಬ್ಬ ಗಿರಾಕಿಗೆ ಬೆಲ್ಟು ತೋರಿಸುತ್ತಿದ್ದ. ನೆಗೆಣ್ಣಿ ಚೀಲವನ್ನು ಬದಿಗೆ ಒಗೆದರು.

"ಇಷ್ಟೊತ್ತಿಗೆ ಬೈಗುಳ ಆರಿ ತಣ್ಣಗಾಗತೈತಿ. ಇನ್ನೊಂದ್ ಕೊಡು."

ಅಂದು ನಾನು ಅವರನ್ನು ಹಟಮಾರಿ, ಜಿಪುಣಿ, ಜಗಳಗಂಟಿ ಎಂದೆಲ್ಲ ಅಂದೆ. ಮ್ಯಾಗ್ನೆಟ್ಟಿನದು, ಲಾಡಿಯದು, ಒತ್ತುಗುಂಡಿಯದು, ಎಲ್ಲವೂ ಫೇಲಾದವು. ಕಡೆಗೆ ಅವರೇ ಮೊಳೆಗೆ ತೂಗಹಾಕಿದ್ದ ಒಂದನ್ನು ತೋರಿಸಿದರು. ದಪ್ಪ ಎಮ್ಮೆ ತೊಗಲು, ಮೇಲೆ ಮುಚ್ಚಳವಿಲ್ಲ, ಬಾಯಿ ಅಗಲವಾಗಿ ತೆರೆದೇ ಇತ್ತು. ನಾನು ಮೂಸಿದೆ. ನಾತ ಖರೇ ತೊಗಲಿನದು, ವಾಕರಿಕೆ ಬರುವಷ್ಟು ಖರೇ.

ಅಂಗಡಿಯವ ಹಿಂಜರಿದ. "ಅದ್ ಬ್ಯಾಡ್ರಿ ಅವ್ವಾರ. ಅದು ವಾಚ್‌ಮನ್ ಮಂದಿ ಟಾರ್ಚ್ ಇಟ್ಕೊಳ್ಳೂದ್ರಿ."

"ಬೀಳೂದಿಲ್ಲಲ್ಲ?"

"ಕುದುರಿ ಮ್ಯಾಲ ಓಡಿದ್ರೂ ಬೀಳೂದಿಲ್ಲರಿ."

"ಬೈಯ," ಎಂದರು ನನಗೆ. ನಾನು "ನೀವು ಅತೀ..." ಎನ್ನುವುದರೊಳಗೆ ಮಷೀನು ಗದ್ದದ ಕೆಳಗಿತ್ತು. "ನಿಮ್ಮವ್ವ ಅತೀ!" ಅಂಗಡಿಯವ ಹೊಟ್ಟೆ ಹಿಡಿದು ನಕ್ಕ. ಅಂದು ಅವರ ಮುಖದಲ್ಲಿ ನೋಡಿದ ಖುಷಿಯನ್ನು ನಾನು ಮೊಮ್ಮಗಳು ಹುಟ್ಟಿದಾಗಲೂ ನೋಡಿರಲಿಲ್ಲ.

ಆದರೆ ಮಗನಿಗೆ ಅದು ಸೇರಲಿಲ್ಲ. ಮೊಮ್ಮಗಳ ನಿಶ್ಚಯ ಗೊತ್ತಾಗಿತ್ತು. ಬೀಗರ ಮುಂದೆ ತಾಯಿ ಚೌಕೀದಾರನಂತೆ ಚೀಲ ಜೋತುಹಾಕಿಕೊಂಡು ಕೂತರೆ ಹೇಗೆ? ಎಲ್ಲಿಂದಲೋ ಒಂದು ದುಬಾರಿ ಡಬ್ಬಿ ತರಿಸಿದ. ಕಂದು ತೊಗಲು, ಒಳಗೆ ಮಖಮಲ್ಲು, ಸುತ್ತ ಝಿಪ್ಪು, ಒಳಗೊಂದು ಪಟ್ಟಿ, ಅದರ ಮೇಲೊಂದು ಮುಚ್ಚಳ. "ಅವ್ವಾ, ಮಷೀನ್ ಸೇಫ್ ಇರ್ತೈತಿ," ಎಂದ. ನಿಶ್ಚಯದ ದಿನ ಆ ಡಬ್ಬಿ ಸೊಸೆಯ ಕೈಚೀಲದಲ್ಲಿ ಸೇಫಾಗಿ ಕೂತಿತು. ನೆಗೆಣ್ಣಿಯನ್ನು ಇಳಕಲ್ ಸೀರೆ ಉಡಿಸಿ, ಮುಂದಿನ ಕುರ್ಚಿಯಲ್ಲಿ ಬೊಂಬೆಯಂತೆ ಕೂಡಿಸಿದರು.

ವರನ ಸೋದರತ್ತೆ ಬಂದು ಕೈಮುಗಿದರು. "ಆರಾಮ ಅದೀರೇನ್ರಿ?" ನೆಗೆಣ್ಣಿ ಗಂಟಲು ತಟ್ಟಿ ತೋರಿಸಿದರು. ನಾನು ಎದ್ದು ಸೊಸೆಯ ಕೈಚೀಲ ಇಸಿದುಕೊಂಡು, ಡಬ್ಬಿ ತೆಗೆದು, ಝಿಪ್ಪು ಸುತ್ತಿಸಿ, ಮುಚ್ಚಳ ಎತ್ತಿ, ಪಟ್ಟಿ ಬಿಚ್ಚಿ ಮಷೀನನ್ನು ಅವರ ಕೈಗೆ ಕೊಡುವಷ್ಟರಲ್ಲಿ ಆ ಹೆಂಗಸು "ಪಾಪ, ಮಾತ ಬರೂದಿಲ್ಲ" ಎಂದು ತಾವೇ ಉತ್ತರ ಹೇಳಿಕೊಂಡು ಫೋಟೋಕ್ಕೆ ನಡೆದಿದ್ದರು. ನೆಗೆಣ್ಣಿ ಖಾಲಿ ಜಾಗದ ಕಡೆ ನೋಡಿ "ಆರಾಮ ಅದೀನ್ರಿ" ಎಂದರು. ಆ 'ಪಾಪ' ಎಂಬ ಮಾತು ಇನ್ನೂ ನನ್ನ ಕಿವಿಯಲ್ಲಿ ಹೊಲಸಿನಂತೆ ಅಂಟಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ನ್ಯುಮೋನಿಯಾ ಆಯಿತು. ದವಾಖಾನೆಗೆ ಸೇರಿಸಿದರು. ಮುಂಜಾನೆ ನಾನು ಹೋದಾಗ ಅವರು ತುಟಿ ಆಡಿಸುತ್ತಿದ್ದರು. ಬರೆಯುವ ಕೈಗೆ ಸಲಾಯಿನ್. ಕೊರಳಲ್ಲಿ ಆ ಎಮ್ಮೆ ತೊಗಲಿನ ಚೀಲವಿಲ್ಲ. ನರ್ಸು ತುಟಿ ನೋಡಿ ನೋಡಿ, "ನೀರ ಕೇಳಾಕತ್ತಾರ್ರಿ" ಎಂದು ಚಮಚದಿಂದ ನೀರು ಹಾಕಿದಳು. ನೆಗೆಣ್ಣಿ ಉಗುಳಿದರು. ಪಕ್ಕದ ಕಾಟಿನ ನಡುವಿನ ಪರದೆಯ ಕಡೆ ಬೆರಳು ಮಾಡಿದರು. ಸೊಸೆ ಪರದೆಯನ್ನು ಇನ್ನಷ್ಟು ಎಳೆದು ಮುಚ್ಚಿದಳು. ಅವರು ತಲೆ ಕೊಡವಿದರು.

"ಅವ್ವಗ ಭ್ರಮಿ ಆಗೇತಿ ಕಾಕಿ," ಎಂದ ಮಗ.

"ಮಷೀನ್ ಎಲ್ಲೈತಿ?"

"ಚೀಲದಾಗಿಂದ ತಗದು ಡಬ್ಬ್ಯಾಗ ಹಾಕಿ ಮನಿಯೊಳಗ ಕಪಾಟದಾಗ ಇಟ್ಟೇನ್ರಿ. ಇಂಪೋರ್ಟೆಡ್ ಐತಿ, ಇಲ್ಲಿ ಯಾರರ ಹೊಡಕೊಂಡು ಹೋದ್ರ?"

ನನಗೆ ಏನಾಯಿತೋ. ಜೀವಮಾನವೆಲ್ಲ ಸಾಫ್ಟ್ ಸ್ಪೋಕನ್ ಎನಿಸಿಕೊಂಡವಳು ವಾರ್ಡಿನ ನಡುವೆ ಒದರಿಬಿಟ್ಟೆ. "ಏ ಖೋಡಿ! ಹಡದವ್ವನ ನಾಲಗಿ ಕಿತ್ತು ಕಪಾಟದಾಗ ಕೀಲಿ ಹಾಕಿ ಬಂದಿಯೇನೋ ಹಲ್ಕಟ್? ಹೋಗು, ಓಡು, ಈಗಿಂದೀಗ ತೊಗೊಂಡು ಬಾ!" ಕಂಪೌಂಡರು ಓಡಿ ಬಂದ. ಮಗ ಕಾರಿನ ಕೀ ಹುಡುಕುತ್ತ ಓಡಿದ.

ಡಬ್ಬಿ ಬಂತು. ಅದರ ಬಾಯಿ ಬಿಡಿಸಿ ನಾನೇ ಮಷೀನನ್ನು ಅವರ ಗದ್ದಕ್ಕೆ ಹಿಡಿದೆ. ದನಿ ಹೊರಟಿತು.

"ಆ ಪರದೆ ಆಚೆ ಒಬ್ಬ ಹೆಣ್ಮಗಳು ಬೆಳಗಾದಾಗಿಂದ ನೀರು ನೀರು ಅನ್ನಾಕತ್ತಾಳ. ನಿಮಗ್ಯಾರಿಗೂ ಕಿವಿ ಇಲ್ಲೇನ್ರೋ ಹೆಣಗೋಳ್ರಾ?"

ಪರದೆ ಸರಿಸಿದೆವು. ಅಲ್ಲಿ ಒಬ್ಬ ಮುದುಕಿ ಒಣಗಿದ ತುಟಿ ಬಿಟ್ಟುಕೊಂಡು, ದನಿಯೇ ಇಲ್ಲದಷ್ಟು ಮೆಲ್ಲಗೆ ಕೇಳುತ್ತಿದ್ದಳು. ನರ್ಸು ಕುಡಿಸಿದಳು. ಆಕೆ ಗಟಗಟ ಕುಡಿದಳು. ನೆಗೆಣ್ಣಿ ನನ್ನ ಕಡೆ ತಿರುಗಿದರು.

"ಭಾಳ ಛಲೋ ಒದರಿದಿ. ಇಷ್ಟ್ ದಿನ ಎಲ್ಲಿಟ್ಟಿದ್ದೀ ಅದನ್ನ?"

ಅದೇ ವಾರ ಅವರು ಹೋದರು. ಕೊನೆಯ ದಿನದವರೆಗೂ ಮಷೀನು ದಿಂಬಿನ ಪಕ್ಕದಲ್ಲಿ ಬಿಚ್ಚಿಟ್ಟೇ ಇತ್ತು. ಯಾರಾದರೂ ಮುಟ್ಟಿಯಾರು ಎಂದು ನಾನು ಅಲ್ಲೇ ಕೂತಿದ್ದೆ.

ಅವರ ಹೆಸರಿನ ಶಿವಗಣಾರಾಧನೆಯ ದಿನ ಪೆಂಡಾಲಿನಲ್ಲಿ ಮೈಕು ಹಚ್ಚಿದ್ದರು. ಊಟಕ್ಕೆ ಮುಂಚೆ ನೆಂಟರಲ್ಲೊಬ್ಬ ಹಿರಿಯರು ಎದ್ದು, ಮೃತರು ಅತ್ಯಂತ ಶಾಂತ ಸ್ವಭಾವದವರಾಗಿದ್ದರು, ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ ಎಂದು ಶುರು ಮಾಡಿದರು. ಮಗ ಸೊಸೆ ತಲೆ ತಗ್ಗಿಸಿ ಹೂಂಗುಟ್ಟಿದರು. ಸತ್ತ ಮೇಲೂ ಬಾಯಿ ಮುಚ್ಚಿಸುವ ಈ ಚೀಪ್ ಸಭ್ಯತೆ ಡಿಸ್ಗಸ್ಟಿಂಗ್ ಅಲ್ಲದೆ ಮತ್ತೇನು? ಎದ್ದು ನಿಂತೆ. ಮೈಕು ಬೇಕಾಗಲಿಲ್ಲ.

"ಸುಳ್ಳು ಹೇಳಬ್ಯಾಡ್ರಿ. ಆಕಿ ಕಡಿಂದ ಬೈಸ್ಕೊಳ್ಳದವರು ಈ ಪೆಂಡಾಲಿನ್ಯಾಗ ಯಾರರ ಇದ್ರ ಕೈ ಎತ್ತರಿ."

ಒಂದು ಕೈಯೂ ಏಳಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಗೋದಾಮಿನ ಮುದಿ ಹಮಾಲನೊಬ್ಬ ಎದ್ದು, ಕಣ್ಣೊರೆಸಿಕೊಳ್ಳುತ್ತ, "ಅವ್ವಾರು ನನಗ ಬೆಲ್ಲ ತಿಂದ ಕೋಣ ಅಂತಿದ್ರು," ಎಂದ. ಅವನ ಪಕ್ಕದವನು ತನಗೆ ಅದಕ್ಕಿಂತ ದೊಡ್ಡದು ಬಿದ್ದಿತ್ತು ಎಂದು ಜಗಳಕ್ಕೇ ನಿಂತ. ಎಲೆ ಹಾಸಿ, ಹುಗ್ಗಿ ಬಡಿಸಿ, ಪಂಗತಿ ಏಳುವವರೆಗೂ ನೆಗೆಣ್ಣಿ ಒಬ್ಬೊಬ್ಬರ ಬಾಯಿಂದ ಎಲ್ಲರನ್ನೂ ಬೈಯುತ್ತಲೇ ಇದ್ದರು.