ಅಪ್ಪನ ಸುಳ್ಳುಗಳ ಮರಾಠಿ ಅನುವಾದ

ನಮ್ಮಪ್ಪನಿಗೆ ಸುಳ್ಳು ಹೇಳಲು ಕಾರಣವೇ ಬೇಕಿರಲಿಲ್ಲ. ನಾಸಿಕದಿಂದ ಅಕ್ಕನ ಊರು ಸಂಭಾಜಿನಗರಕ್ಕೆ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಅದೇ. ಯೇವಲಾ ಬಂತೆಂದರೆ, ‘ಪೈಠಣಿ ಸೀರಿ ಮ್ಯಾಲಿನ ನವಿಲ ಮಳಿಗಾಲದಾಗ ತತ್ತಿ ಇಡ್ತಾವ. ಅದಕ್ಕ ಮಡಚಿ ಇಡಬಾರದು.’ ವೇರೂಳದ, ಅಂದರೆ ಎಲ್ಲೋರಾದ, ಗುಡಿ ಕೆತ್ತಿದವರಿಗೆ ದಿನಾ ಬದನೆಕಾಯಿ ಎಣ್ಣೆಗಾಯಿಯ ಊಟವಂತೆ. ಒಂದು ದಿನ ಖಾರ ಹೆಚ್ಚಾಗಿ ಎಲ್ಲರೂ ನೀರಿಗೆ ಓಡಿದ್ದಕ್ಕೇ ಒಂದು ಕಂಬ ಅರ್ಧಕ್ಕೆ ನಿಂತಿತಂತೆ. ‘ಸುಳ್ಳ ಥಾಪಾ ಹೊಡಿಯೋದು ಸಾಕ ಮಾಡ್ರಿ, ಮಂದಿ ನಗ್ತಾರ’ ಎಂದು ಅವ್ವ ಕಿಟಕಿಯತ್ತ ತಿರುಗುವಳು. ಅಪ್ಪ ಮುಖ ಬಿಗಿಹಿಡಿದು ಅವಳನ್ನೇ ನೋಡುವರು. ಅವಳು ನಕ್ಕ ಮೇಲೆಯೇ ಮುಂದಿನದು.

ಬೀದರ್ ಕಡೆಯಿಂದ ಬಂದು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದರೂ ಅಪ್ಪ ಮರಾಠಿ ಕಲಿಯಲಿಲ್ಲ. ‘ಕೆಲಸಕ್ಕ ಹಿಂದಿ ಸಾಕು. ಸುಳ್ಳಿಗಿ ಮನಿ ಮಾತೇ ಬೇಕು’ ಎನ್ನುತ್ತಿದ್ದರು. ನೆರೆಯವರು ಬಂದರೆ ಅನುವಾದದ ಕರ್ಮ ನನ್ನದು. ‘ನಿಜಾಮರ ಒಂಟಿ ಚಾ ಕುಡೀಲಾರದ ಏಳ್ತಿರಲಿಲ್ಲ’ ಎಂದು ಅಪ್ಪ ಶುರು ಮಾಡಿದರೆ, ‘ಚಹಾ ತಗೊಳ್ಳಿ ಅಂತಿದ್ದಾರೆ’ ಎಂದು ನಾನು ಮರಾಠಿಯಲ್ಲಿ ಮುಗಿಸುತ್ತಿದ್ದೆ. ಮನೆಯ ಮಾನ ಉಳಿಯುತ್ತಿತ್ತು. ಚಿಕ್ಕಂದಿನಿಂದ ಬಾಯಿಗೆ ಬಿದ್ದ ರೂಢಿ.

ಅವ್ವ ತೀರಿಕೊಂಡ ಮರುವರ್ಷ, ಅಕ್ಕನ ಮನೆಯಲ್ಲಿ ಅಪ್ಪ ತಮ್ಮ ಚಪ್ಪಲಿಯನ್ನು ಫ್ರಿಜ್ಜಿನಲ್ಲಿಟ್ಟರು. ಡಾಕ್ಟರಿಗೆ ತೋರಿಸಲೇಬೇಕೆಂದು ಅಕ್ಕ ಹಟ ಹಿಡಿದಳು. ನನಗೆ ರೇಗಿತು. ‘ಅವರು ಯಾವತ್ತ ನೆಟ್ಟಗಿದ್ರು ಹೇಳು?’ ಎಂದೆ. ಆದರೂ ಹೋದೆವು. ಅಕ್ಕ ಹೊರಗೆ ಕೂತಳು, ಅಪ್ಪನ ಜೊತೆ ನಾನು ಒಳಗೆ.

ಇದು ಯಾವ ತಿಂಗಳು ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದ್ದನ್ನು ಅಪ್ಪನಿಗೆ ಕನ್ನಡದಲ್ಲಿ ದಾಟಿಸಿದೆ. ‘ಆಮೆಗಿ ತಿಂಗಳ ಇರಂಗಿಲ್ಲ. ಬರೇ ವಾರ’ ಎಂದರು ಅಪ್ಪ. ‘ಡಿಸೆಂಬರ್ ಅಂತಿದ್ದಾರೆ’ ಎಂದೆ. ಬೆಳಿಗ್ಗೆ ಏನು ತಿಂದಿರಿ? ‘ಅವಲಕ್ಕಿ ತಿಂದ್ರ ಕಾಗಿ ಕುರುಡ ಆಗ್ತಾವ. ಪೇಶ್ವೆ ಬಂದ್ ಮಾಡಿಸಿದ್ರು.’ ನಾನು ‘ಅವಲಕ್ಕಿ’ ಎಂದಷ್ಟೇ ಹೇಳಿದೆ. ಪಕ್ಕದಲ್ಲಿರುವವರು ಯಾರು? ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದರು. ‘ವೇರೂಳದಾಗ ಕಲ್ಲ ಒಡಿಯಾಂವ. ಉಳಿ ಮರತ ಬಂದಾನ.’ ನಾನು ನಕ್ಕು, ‘ಮಗ ಅಂತಿದ್ದಾರೆ’ ಎಂದೆ. ನಕ್ಕವನು ನಾನೊಬ್ಬನೇ. ಹೇಳಿದ ಮೇಲೆ ನಗುವಿಗಾಗಿ ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಎಲ್ಲ ಸರಿಯಿದೆ, ವಯಸ್ಸು ಅಷ್ಟೇ ಎಂದು ಡಾಕ್ಟರು ಶಕ್ತಿಯ ಗುಳಿಗೆ ಬರೆದುಕೊಟ್ಟರು. ‘ನೋಡು, ನಾ ಹೇಳಿರಲಿಲ್ಲಾ?’ ಎಂದು ಅಕ್ಕನ ಎದುರು ಜಂಬ ಕೊಚ್ಚಿಕೊಂಡೆ.

ಮುಂದಿನ ಮಳೆಗಾಲದ ಹೊತ್ತಿಗೆ ಅಪ್ಪನಿಗೆ ಬಚ್ಚಲು ಯಾವ ಕಡೆ ಎಂಬುದೂ ಮರೆಯಿತು. ನಾಸಿಕದ ಬೇರೊಬ್ಬ ಡಾಕ್ಟರು ಹಳೆಯ ಚೀಟಿಯನ್ನು ಎರಡು ಸಲ ಓದಿದರು. ‘ಆಗ ಎಲ್ಲ ಉತ್ತರ ಸರಿ ಹೇಳಿದ್ದರೇ? ಆಗಲೇ ಗೊತ್ತಾಗಿದ್ದರೆ ಈ ಮರೆವಿನ ಕಾಯಿಲೆಯನ್ನು ಸ್ವಲ್ಪ ನಿಧಾನ ಮಾಡಬಹುದಿತ್ತು’ ಎಂದರು. ಹೌದು, ಎಲ್ಲ ಸರಿಯಾಗೇ ಹೇಳಿದ್ದರು ಎಂದೆ. ಅಳು ಬರಲಿಲ್ಲ. ಏನೂ ಬರಲಿಲ್ಲ. ರಿಕ್ಷಾ ಹಿಡಿದು ಮನೆಗೆ ಬಂದು ಅಪ್ಪನಿಗೆ ಊಟ ಹಾಕಿದೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಫೋನು ಎತ್ತುತ್ತೇನೆ, ಇಡುತ್ತೇನೆ.

ಹೋದ ವಾರ ಒಂದು ಮಧ್ಯಾಹ್ನ ಅಪ್ಪನಿಗೇ ಹೇಳಿಬಿಟ್ಟೆ. ‘ಅಪ್ಪಾ, ಅವತ್ತ ಡಾಕ್ಟರಿಗಿ ನಾ ಖರೇ ಹೇಳಲಿಲ್ಲ. ನಿಮ್ಮ ಮಾತ ನಾನೇ ಬದಲಿ ಮಾಡಿದೆ. ತಪ್ಪಾತು.’

ಅಪ್ಪ ಊಟದ ಕೈಯನ್ನು ತಾಟಿನಲ್ಲೇ ಇಟ್ಟು ಪೂರ್ತಿ ಕೇಳಿಸಿಕೊಂಡರು. ಮುಖದಲ್ಲಿ ನಿಜವಾದ ಮರುಕವಿತ್ತು.

‘ಹೌದೇನ್ರಿ? ನಿಮ್ಮ ಮನ್ಯಾಗ ಯಾರಿಗರೆ ಆರಾಮ ಇಲ್ಲೇನ್ರಿ?’

‘ಇಲ್ರಿ, ಎಲ್ಲಾರೂ ಆರಾಮ ಅದಾರ’ ಎಂದೆ.